ಐದನೆಯ ಹೆಸರು

ನಮ್ಮ ಗಂಗಾವತಿ ಸೀಮೆಯಲ್ಲಿ ಜಗಳವಾದರೆ ಮೊದಲು ತಲೆ ಒಡೆಯುತ್ತಿತ್ತು, ಆಮೇಲೆ ಠಾಣೆಯಲ್ಲಿ ಹೆಸರು ಬರೆಸುವುದು ಶುರುವಾಗುತ್ತಿತ್ತು. ಹೊಡೆದವನೊಬ್ಬನ ಹೆಸರು ಬರೆಸಿ ಸುಮ್ಮನಾಗುವ ಪದ್ಧತಿ ಇರಲಿಲ್ಲ. ಐದು ಜನ ಕೂಡಿ ಹೊಡೆದರು ಅಂದರೆ ಅದು ದೊಂಬಿ, ಕೇಸು ಗಟ್ಟಿ ಎಂಬುದು ಅಕ್ಷರ ಬಾರದವರಿಗೂ ಬಾಯಿಪಾಠವಾಗಿತ್ತು. ಜನ ಕಡಿಮೆ ಬಿದ್ದರೆ ಹೊಡೆದವನ ಮನೆಯ ಮುದುಕನನ್ನೋ ಹೆಣ್ಣುಮಕ್ಕಳನ್ನೋ ಸೇರಿಸಿ ಲೆಕ್ಕ ತುಂಬುತ್ತಿದ್ದರು. ನಾನು ಹಾಗೆ ಲೆಕ್ಕ ತುಂಬಿದವಳು.

ಎಪ್ಪತ್ತರ ದಶಕದ ಕೊನೆಯ ಮಾತು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ತರಬೇತಿ ಪಡೆಯುತ್ತಿದ್ದೆ. ನಮ್ಮೂರಿನಿಂದ ಆ ಓದಿಗೆ ಹೋದ ಮೊದಲ ಹುಡುಗಿ ನಾನು. ಸೀಟು ಸಿಕ್ಕಾಗ ಅಪ್ಪ ನಮ್ಮನ್ನೆಲ್ಲ ಹುಲಿಗಿಗೆ ಕರೆದೊಯ್ದು ಹುಲಿಗೆಮ್ಮನಿಗೆ ಉಡಿ ತುಂಬಿಸಿದ್ದ. ಎಮ್ಮೆ ಕೊಳ್ಳಲು ಬಂದವನಿಗೂ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ನಮ್ಮ ಹುಡುಗಿ ನರ್ಸ್ ಆಗ್ಯಾಳ್ರಿ.” ಇನ್ನೂ ಆಗಿಲ್ಲಪ್ಪಾ ಅಂದರೆ, “ಆದಂಗ ಬಿಡವ್ವಾ” ಅನ್ನುತ್ತಿದ್ದ.

ಎರಡನೇ ವರ್ಷ ದಸರಾ ರಜೆಗೆ ಬಂದಿದ್ದೆ. ಹೇಮಗುಡ್ಡದ ದಸರಾ ನೋಡಲು ಹೋಗಲೆಂದು ಅವ್ವ ಬುತ್ತಿ ಕಟ್ಟುತ್ತಿರುವಾಗ ಗದ್ದೆಯ ಕಡೆಯಿಂದ ಕೂಗಾಟ ಕೇಳಿತು. ಕಾಲುವೆ ನೀರಿನ ಪಾಳಿ ಅಂದು ನಮ್ಮದು. ಪಕ್ಕದ ಗದ್ದೆಯವನು ನೀರನ್ನು ತನ್ನ ಕಡೆ ತಿರುಗಿಸಿಕೊಂಡಿದ್ದ. ನಾನು ಓಡಿಹೋಗುವಷ್ಟರಲ್ಲಿ ಅಣ್ಣ ಸಲಿಕೆಯ ಕಾವಿನಿಂದ ಅವನ ತಲೆಗೆ ಬಾರಿಸಿ ಆಗಿತ್ತು. ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಮಗ ಸುತ್ತ ನಿಂತು ಬೈಯುತ್ತಿದ್ದರು. ಬದುವಿನ ಮೇಲೆ ಬಿದ್ದಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಹರಿದು ಗಾಯ ಒತ್ತಿ ಹಿಡಿದು ಪಟ್ಟಿ ಕಟ್ಟಿದೆ. ಯಾರ ಪೈಕಿ ಎಂದು ವಿಚಾರಿಸಿ ಪಟ್ಟಿ ಕಟ್ಟಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಅವನ ಮನೆಯವರು ಫಿರ್ಯಾದಿ ಕೊಟ್ಟರು. ನಾಲ್ವರು ಗಂಡಸರು ಹೊಡೆದರು, ನಾನು ಅವನನ್ನು ಕದಲದಂತೆ ಹಿಡಿದುಕೊಂಡಿದ್ದೆ ಎಂದು ಬರೆಸಿದರು. ನನ್ನ ಸೀರೆಯ ತುಂಬ ಅವನ ರಕ್ತವಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

ಕೇಸು ಎಳೆಯಿತು. ಅಷ್ಟರಲ್ಲಿ ಊರ ಹಿರಿಯರು ಎರಡೂ ಮನೆಯವರನ್ನು ಕೂಡಿಸಿ ಎಲೆ ಅಡಿಕೆ ಕೊಡಿಸಿದರು. ಗದ್ದೆಯವನೂ ಅಣ್ಣನೂ ಒಂದೇ ಬೀಡಿ ಹಂಚಿಕೊಂಡು ಸೇದುವಷ್ಟು ದೋಸ್ತಿ ಬೆಳೆಯಿತು. ಆದರೆ ದೊಂಬಿ ಕೇಸಿಗೆ ಕೋರ್ಟಿನಲ್ಲಿ ರಾಜಿ ನಡೆಯುವುದಿಲ್ಲವಂತೆ. ನಮ್ಮ ವಕೀಲರು ದಾರಿ ತೋರಿಸಿದರು: “ಐದೂ ಮಂದಿ ತಪ್ಪಾತು ಅಂದುಬಿಡ್ರಿ. ಸಾಹೇಬ್ರು ದಂಡ ಹಾಕಿ ಬಿಡ್ತಾರ. ಮಧ್ಯಾಹ್ನದ ಊಟಕ್ಕ ಮನ್ಯಾಗ ಇರ್ತೀರಿ.”

“ನಾ ಹೊಡದಿಲ್ಲ, ಹಿಡದಿಲ್ಲ. ಯಾಕ ಹೂಂ ಅನ್ಲಿ?” ಅಂದೆ.

“ನೀ ಒಬ್ಬಾಕಿ ಒಲ್ಲೆ ಅಂದ್ರ ವಿಚಾರಣಿ ನಡೀತೈತಿ. ಅವರು ಬಂದು ಸಾಕ್ಷಿ ಹೇಳಬೇಕಾಕ್ಕೈತಿ. ಆರಿದ ಜಗಳ ಮತ್ತ ಹತ್ತತೈತಿ ನೋಡವಾ.”

ಅಣ್ಣನ ಮದುವೆ ಗೊತ್ತಾಗಿತ್ತು. ಅಪ್ಪ ಕೋರ್ಟಿನ ಬೇವಿನ ಗಿಡದ ಕೆಳಗೆ ನನ್ನನ್ನು ಕರೆದುಕೊಂಡು ಹೋಗಿ ತಲೆಯ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. “ದಂಡ ಅಂದ್ರ ಜೈಲೇನು? ಒಂದ್ ಹೂಂ ಅಂದ್ರ ಮುಗೀತವ್ವಾ.” ದಂಡವೆಂದರೆ ಅವನಿಗೆ ದನದ ದೊಡ್ಡಿಯಿಂದ ಎಮ್ಮೆ ಬಿಡಿಸಿಕೊಂಡ ಹಾಗೆ. ಕಟ್ಟಿದರೆ ಎಮ್ಮೆ ಮನೆಗೆ ಬರುತ್ತದೆ, ಮರುದಿನ ಯಾರೂ ಆ ಮಾತು ಎತ್ತುವುದಿಲ್ಲ. ನನ್ನ ವಿದ್ಯೆಯ ಬಗ್ಗೆ ಅಷ್ಟು ಹೆಮ್ಮೆಪಟ್ಟವನಿಗೆ ಆ ವಿದ್ಯೆಗೆ ಏನು ಬೇಕು ಎಂಬುದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ಹೂಂ ಅಂದೆ. ಊಟಕ್ಕೆ ಮನೆಯಲ್ಲಿದ್ದೆವು.

ತರಬೇತಿ ಮುಗಿಯಿತು, ಪಾಸಾದೆ, ಸರ್ಕಾರಿ ಕೆಲಸಕ್ಕೂ ಆಯ್ಕೆಯಾದೆ. ಸೇರುವ ಮೊದಲು ಪೊಲೀಸರ ವಿಚಾರಣೆ ಇರುತ್ತದಲ್ಲ, ಅಲ್ಲಿ ಆ ದಂಡದ ದಾಖಲೆ ಸಿಕ್ಕಿ ಎಲ್ಲ ನಿಂತಿತು. ನಾನು ಕಲಿತ ಆಸ್ಪತ್ರೆಯ ಮೇಟ್ರನ್ ಕರೆಸಿ ಕೇಳಿದರು.

“ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆಯಂತೆ, ಹೌದಾ?”

“ಹೌದು.”

“ಮಾಡಿದ್ದೆಯಾ?”

“ಇಲ್ಲ.”

“ಮತ್ತೆ ಯಾಕೆ ಒಪ್ಪಿಕೊಂಡೆ ಹುಡುಗೀ?”

ಬೇವಿನ ಗಿಡ, ಅಪ್ಪನ ಕೈಯಲ್ಲಿದ್ದ ಪಟಕಾ, ಅಣ್ಣನ ಮದುವೆ, ಇದನ್ನೆಲ್ಲ ಅವರಿಗೆ ಹೇಗೆ ಹೇಳಲಿ? ಅತ್ತುಬಿಟ್ಟೆ, ಅಷ್ಟೇ. ಅವರ ಕಣ್ಣಲ್ಲೂ ನೀರಿತ್ತು, ಆದರೆ ಅವರ ಕೈಯಲ್ಲಿ ಏನೂ ಇರಲಿಲ್ಲ.

ಕೊಪ್ಪಳ, ಕುಷ್ಟಗಿಯ ಖಾಸಗಿ ಡಾಕ್ಟರುಗಳ ಬಾಗಿಲಿಗೂ ಅಲೆದೆ. ನಾನು ಹೋಗುವ ಮೊದಲೇ ಸುದ್ದಿ ಹೋಗಿರುತ್ತಿತ್ತು. ಒಬ್ಬರು ಚಹಾ ಕುಡಿಸಿ, “ಮಂದಿ ಬಾಯಿ ಕೆಟ್ಟದ್ದು, ತಪ್ಪು ತಿಳ್ಕೋಬ್ಯಾಡವ್ವಾ” ಎಂದು ಕಳಿಸಿದರು. ಕೊನೆಗೆ ಯಲಬುರ್ಗಾ ಕಡೆ ಮದುವೆಯಾಗಿ ಹೋಗಿ ಶೇಂಗಾ ಬಿಡಿಸುತ್ತ ಕೂತೆ. ಅಣ್ಣನಿಗೂ ಅದೇ ಶಿಕ್ಷೆಯಾಗಿತ್ತು. ಅವನ ಎತ್ತುಗಳು ಪೊಲೀಸ್ ವರದಿ ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಒಮ್ಮೆ ಆ ಗದ್ದೆಯವನು ಮಗಳ ಮದುವೆಗೆ ಕರೆಯಲು ನಮ್ಮ ಮನೆಗೆ ಬಂದ. ತಲೆಯ ಮೇಲಿನ ಗಾಯದ ಗೆರೆ ಕೂದಲಲ್ಲಿ ಕಾಣುತ್ತಿತ್ತು. “ನಿನ್ನ ಮ್ಯಾಲೆ ನಮಗೇನೂ ಹಗಿ ಇರಲಿಲ್ಲ ತಂಗಿ. ನಾಕ ಮಂದಿ ಆಗಿದ್ರು, ಒಬ್ರು ಕಮ್ಮಿ ಬಿದ್ದಿದ್ರು” ಎಂದ, ಸಮಾಧಾನ ಮಾಡುವವನ ಹಾಗೆ. ಚಹಾ ಕೊಟ್ಟೆ. ಮದುವೆಗೆ ಹೋಗಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪನ ಕಾಲಿಗೆ ಹುಣ್ಣಾಗಿ ಆಸ್ಪತ್ರೆಗೆ ಸೇರಿಸಿದೆವು. ಪಟ್ಟಿ ಬದಲಿಸಲು ಬಂದ ನರ್ಸ್ ಇನ್ನೂ ಚಿಕ್ಕ ಹುಡುಗಿ, ಬಿಳಿ ಸೀರೆಯ ಇಸ್ತ್ರಿ ಮಡಿಕೆ ಕೂಡ ಕೆಟ್ಟಿರಲಿಲ್ಲ. “ಮನಿಮಂದಿ ಹೊರಗ ನಿಲ್ರಿ” ಅಂದಳು.

“ಆಕಿ ಇರ್ಲಿ ಬಿಡವ್ವಾ” ಎಂದ ಅಪ್ಪ. “ಆಕಿನೂ ನರ್ಸ್ ಅದಾಳ.”

ಹುಡುಗಿಯ ಮುಖ ಅರಳಿತು. “ಹೌದೇನ್ರಿ ಅಕ್ಕಾರ? ಯಾವ ದವಾಖಾನ್ಯಾಗ ಅದೀರಿ?”

ಅಪ್ಪ ನನ್ನ ಮುಖ ನೋಡಿದ. “ಎಲ್ಲೂ ಇಲ್ಲವ್ವಾ” ಎಂದು ನಾನೇ ಹೇಳಿ ಹೊರಗೆ ಬಂದು ಬಾಗಿಲ ಪಕ್ಕ ನಿಂತೆ. ಪರದೆಯ ಆಚೆ ಕತ್ತರಿಯ ಸಪ್ಪಳ ಕೇಳುತ್ತಿತ್ತು. ಆಮೇಲೆ ಅಪ್ಪನ ದನಿ ಕೇಳಿತು.

“ಆಕಿ ಒಲ್ಲೆ ಅಂದಿದ್ಲು. ಹೂಂ ಅನ್ನು ಅಂತ ನಾನ ಹೇಳಿದ್ನಿ.”

ಆ ಹುಡುಗಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನು ನನ್ನೆದುರು ಒಮ್ಮೆಯೂ ಆಡಿರಲಿಲ್ಲ.