ಪುಟ್ಟ ದೇಶಕ್ಕೆ ಹಬ್ಬದೂಟ ಬಡಿಸಿದವರು

ಮ್ಯಾನೇಜರಣ್ಣನ ಬಲಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಎಂದೋ ಗ್ಯಾಸ್ ಒಲೆ ಭಗ್ಗೆಂದು ಹೊತ್ತಿ ಸುಟ್ಟುಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಎಡಗಡೆ ಮಾತ್ರ ಪೊದೆಯಂಥ ಹುಬ್ಬು. ಹಾಗಾಗಿ ಅವರು ಸುಮ್ಮನೆ ನೋಡಿದರೂ ಎದುರಿನವರ ಮಾತನ್ನು ಅರ್ಧಕ್ಕರ್ಧ ನಂಬದವರಂತೆ ಕಾಣುತ್ತಿದ್ದರು. ದೊಡ್ಡ ದೊಡ್ಡ ಮಿಲಿಟರಿ ಅಧಿಕಾರಿಗಳೇ ಅವರೆದುರು ಆಜ್ಞೆ ಕೊಡಲು ಶುರುಮಾಡಿ ನಡುವೆ ತಡವರಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ದೋಹಾದ ಹೊರಗೆ, ಹಲವು ದೇಶಗಳ ಸೈನಿಕರು ಒಟ್ಟಿಗೆ ಇರುವ ನೆಲೆಯೊಂದರಲ್ಲಿ ಊಟದ ಗುತ್ತಿಗೆ ನಮ್ಮ ಕಂಪನಿಯದು. ಅವರು ಮೆಸ್ ಮ್ಯಾನೇಜರು, ಉಡುಪಿ ಕಡೆಯ ತುಳುವರು. ನಾನು ಸಾಮಾನು ತರಿಸುವ ವಿಭಾಗದವಳು, ಮೈಸೂರಿನವಳು. ಅವರಿಗೆ ತೆಂಗಿನೆಣ್ಣೆ ಇಲ್ಲದೆ ಆಗದು, ನನಗೆ ಅದರ ವಾಸನೆಯೇ ಆಗದು. ದಿನಕ್ಕೊಂದು ಜಗಳ ಗ್ಯಾರಂಟಿ. ಆದರೂ ನನಗೆ ಕೆಲಸ ಕಲಿಸಿದವರು ಅವರೇ. "ಹಸಿದವನ ಹತ್ರ ರೂಲ್ಸ್ ಮಾತಾಡಬಾರದು ಮಾರಾಯ್ತಿ, ಮೊದಲು ಬಡಿಸು" ಎನ್ನುವುದೇ ಅವರ ಗೀತೋಪದೇಶ.

ಮೆಸ್ಸಿನಲ್ಲೊಂದು ಪದ್ಧತಿಯಿತ್ತು. ಸೈನ್ಯ ಕಳಿಸಿದ ಪ್ರತಿ ದೇಶದ ರಾಷ್ಟ್ರೀಯ ದಿನದಂದು ದೊಡ್ಡ ಹಾಲ್‌ನಲ್ಲಿ ಆ ದೇಶದ ಬಾವುಟ, ಆ ದೇಶದ ಅಡುಗೆ. ಒಂದು ವರ್ಷ ಊಟದ ಉಸ್ತುವಾರಿಗೆ ಹೊಸ ಕರ್ನಲ್ ಬಂದ. ಬಂದವನೇ, ಇನ್ನು ದೊಡ್ಡ ಪಡೆಗಳಿಗೆ ಮಾತ್ರ ಹಬ್ಬ, ಸಣ್ಣವರದ್ದು ಖಲಾಸ್ ಎಂದುಬಿಟ್ಟ. ಮುಂದಿನ ವಾರವೇ ಇದ್ದದ್ದು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದೇಶದ ದಿನ. ಅವರು ಕಳಿಸಿದ್ದ ಸೈನಿಕರೆಲ್ಲ ಸೇರಿದರೂ ಒಂದು ಮೇಜು ತುಂಬುತ್ತಿತ್ತು, ಅಷ್ಟೇ.

ಅವರ ಕ್ಯಾಪ್ಟನ್ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಆಳು. ನಮ್ಮ ಆಫೀಸಿಗೆ ಬಂದವನು ಕೂಗಾಡಲಿಲ್ಲ. ಊರಿನವರು ಆ ದಿನದ ಊಟವನ್ನು ವಿಡಿಯೋದಲ್ಲಿ ನೋಡಲು ಕಾಯುತ್ತಿದ್ದಾರೆ, ಅವರಿಗೆ ಏನು ಹೇಳಲಿ ಎಂದಷ್ಟೇ ಕೇಳಿದ. ಮಕ್ಕಳನ್ನು ಅಷ್ಟು ದೂರ ಯಾಕೆ ಕಳಿಸಬೇಕು, ನಮ್ಮದೂ ಒಂದು ದೇಶ ಇದೆಯೆಂದು ಅಲ್ಲಿ ಯಾರಿಗಾದರೂ ಗೊತ್ತಾ ಎಂದು ಅವನ ತಾಯಿ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾಳಂತೆ. ಮ್ಯಾನೇಜರಣ್ಣ ಎದ್ದು, ಅಂಗಿ ಸರಿಮಾಡಿಕೊಂಡು, ನನ್ನನ್ನೂ ಕರೆದುಕೊಂಡು ಸೀದಾ ಕರ್ನಲ್ ಬಳಿ ಹೊರಟರು.

ಅಲ್ಲಿ ಅವರ ಸಿಟ್ಟಿಗೆ ಇಂಗ್ಲಿಷ್ ಸಾಲಲಿಲ್ಲ. ನೀನು ಸರಿಯಾಗಿ ಹೇಳು ಇವನಿಗೆ ಎಂದು ಕನ್ನಡಕ್ಕೇ ಇಳಿದರು.

"ನಮ್ಮಲ್ಲಿ ಕಾರ್ಯಕ್ಕೆ ಮನೆಗೊಬ್ಬರು ಬರಬೇಕು ಅಂತ ಉಂಟು. ದೊಡ್ಡ ಮನೆಯಿಂದ ಹತ್ತು ಜನ ಬರ್ತಾರೆ. ಬಡವನಿಗೆ ಇರುವುದೇ ಒಬ್ಬ ಮಗ, ಅವನನ್ನೇ ಕಳಿಸಿದ್ದಾನೆ. ಅವನ ಎಲೆ ಯಾರಾದ್ರೂ ತೆಗೀತಾರಾ?"

ನಾನು ಒಂದಕ್ಷರ ಬಿಡದೆ ಹೇಳಿದೆ. ಸ್ವಲ್ಪ ಖಾರ ನನ್ನ ಕಡೆಯಿಂದಲೂ ಸೇರಿಸಿದೆ. ಕರ್ನಲ್ ಕ್ಯಾಲೆಂಡರ್ ಎಳೆದುಕೊಂಡು ಆ ದಿನದ ಸುತ್ತ ಪೆನ್ನಿನಿಂದ ಗುರುತು ಹಾಕಿದ. ಮಾಡಿ, ಆದರೆ ಜನ ತಟ್ಟೆಯಲ್ಲೇ ಬಿಟ್ಟು ಎದ್ದರೆ ಸಣ್ಣ ದೇಶಗಳ ಹಬ್ಬ ಅಲ್ಲಿಗೆ ಮುಗಿಯಿತು ಎಂದ.

ಆ ದೇಶದ ಹಬ್ಬದಡುಗೆ ಕೆಸುವಿನ ಎಲೆ ಮತ್ತು ತೆಂಗಿನಕಾಯಿಯದು ಎಂದು ಗೊತ್ತಾದದ್ದೇ ತಡ, ನಮ್ಮ ತುಳುವರನ್ನು ಹಿಡಿಯುವವರೇ ಇಲ್ಲ. ಇದು ನಮ್ಮ ಪತ್ರೊಡೆಯೇ ಅಲ್ವಾ ಎಂದು ಅಕ್ಕಿ, ಹುಣಸೆ, ಮೆಣಸು ಅರೆದು, ಎಲೆಗೆ ಹಚ್ಚಿ, ಸುತ್ತಿ ಬೇಯಿಸಿ ಕ್ಯಾಪ್ಟನ್ ಮುಂದಿಟ್ಟರು. ಪಾಪ, ಆತ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಪೂರ್ತಿ ತಿಂದ. ಬಹಳ ರುಚಿ, ಆದರೆ ಇದು ನಿಮ್ಮ ದೇಶದ್ದು, ನಮ್ಮದಲ್ಲ ಎಂದ. ನಾನು ನಕ್ಕೂ ನಕ್ಕೂ ಸುಸ್ತಾದೆ. ಮ್ಯಾನೇಜರಣ್ಣ ತಮ್ಮ ಏಪ್ರನ್ ಬಿಚ್ಚಿ ಅವನ ಕೊರಳಿಗೇ ಹಾಕಿದರು. ಖಾರ ಮಾಫಿ, ಹುಳಿ ಮಾಫಿ, ಗಲ್ಫಿನ ಅರಬಿಯಲ್ಲಿ ಎರಡೂ ಇಲ್ಲ ಅಂತ. ದಪ್ಪ ತೆಂಗಿನಹಾಲು, ಈರುಳ್ಳಿ, ಮೀನು ಇಟ್ಟು ಎಲೆಯ ಪೊಟ್ಟಣ ಕಟ್ಟಿ ಗಂಟೆಗಟ್ಟಲೆ ಬೇಯಿಸಬೇಕೆಂದು ಕ್ಯಾಪ್ಟನ್ ಹೇಳುತ್ತಾ ಹೋದ, ಇವರು ಹೂಂಗುಟ್ಟುತ್ತಾ ಕಲಿತರು. ನಮ್ಮ ಬಾಯಲ್ಲಿ ಕೇಳಿ ಕೇಳಿ ಅವನೂ ಇವರನ್ನು ಮ್ಯಾನೇಜರಣ್ಣ ಎಂದೇ ಕರೆಯತೊಡಗಿದ.

ಇನ್ನು ಎಲೆ ಬೇಕಲ್ಲ. ದೋಹಾ ಅಲ್ ಜದೀದಾದ ಬಾಂಗ್ಲಾ ಅಂಗಡಿಗಳನ್ನು ನಾನು ಗುಡಿಸಿ ತಂದರೂ ಸಾಲಲಿಲ್ಲ. ಅಲ್ ವುಕೈರ್‌ನ ಫ್ಲ್ಯಾಟುಗಳಲ್ಲಿ ಕರಾವಳಿಯವರು ಬಾಲ್ಕನಿಯ ಕುಂಡದಲ್ಲಿ ಕೆಸು ಬೆಳೆಸಿಕೊಳ್ಳುತ್ತಾರೆ. ಮ್ಯಾನೇಜರಣ್ಣ ಒಂದು ಸಂಜೆ ಬಾಗಿಲು ಬಾಗಿಲು ತಟ್ಟಿದರು. ಕೊಡುವುದಿಲ್ಲ ಎಂದವರು ಒಬ್ಬರೂ ಇಲ್ಲ. ಮಗಳ ಬಾಣಂತನಕ್ಕೆ ಬಂದಿದ್ದ ಅಮ್ಮನೊಬ್ಬರು, ಸೈನಿಕರಿಗಾ ಎಂದು ಕೇಳಿ, ಅಳಿಯನಿಗೆಂದು ಕಾದಿರಿಸಿದ್ದ ಎಲೆಯನ್ನೂ ಕೊಯ್ದುಕೊಟ್ಟರು. ಅಳಿಯನ ಮುಖ ನೋಡಬೇಕಿತ್ತು.

ಅಂತೂ ಆ ದಿನ ಬಾವುಟ ಏರಿತು, ದೊಡ್ಡ ದೇಶಗಳ ಬಾವುಟದಷ್ಟೇ ಅಗಲದ್ದು. ನೂರಾರು ಸೈನಿಕರು ಪೊಟ್ಟಣ ಬಿಚ್ಚಿ, ಅನುಮಾನದಿಂದಲೇ ಒಂದು ತುತ್ತು ತಿಂದರು. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಪೊಟ್ಟಣ ಬೇಕೆಂದವರ ಸಾಲು ಬಾಗಿಲಾಚೆಗೆ ಹೋಯಿತು. ಕರ್ನಲ್ ತಟ್ಟೆಯನ್ನು ನಾನೇ ಇಣುಕಿ ನೋಡಿದೆ, ಎಲೆಯ ಚೂರೂ ಉಳಿದಿರಲಿಲ್ಲ. ಆಮೇಲೆ ಆ ಪುಟ್ಟ ಪಡೆ ಎದ್ದು ನಿಂತು ತಮ್ಮ ರಾಷ್ಟ್ರಗೀತೆ ಹಾಡಿತು. ಅಬ್ಬಾ, ಎಂಥ ಕಂಠ! ಮೊದಲು ಎದ್ದವನು ಕರ್ನಲ್. ಹಿಂದೆಯೇ ಇಡೀ ಹಾಲ್ ಎದ್ದು ನಿಂತಿತು. ನಮ್ಮ ನೇಪಾಳಿ, ಮಲಯಾಳಿ ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಕ್ಯಾಪ್ಟನ್ ಫೋನನ್ನು ಎತ್ತಿ ಹಿಡಿದಿದ್ದ. ತೆರೆಯ ಮೇಲೆ ಬಿಳಿಗೂದಲ ತಾಯಿ, ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

"ಗೆದ್ದೆವು ಮಾರಾಯ್ತಿ" ಎಂದರು ಮ್ಯಾನೇಜರಣ್ಣ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಅಲ್ಲಿಂದೀಚೆಗೆ ಯಾವ ಸಣ್ಣ ದೇಶದ ಹಬ್ಬವೂ ತಪ್ಪಿಲ್ಲ.

ಹೋದ ವರ್ಷ ರಜೆಗೆಂದು ಊರಿಗೆ ಹೋದ ಮ್ಯಾನೇಜರಣ್ಣ ಹೃದಯಾಘಾತದಿಂದ ತೀರಿಕೊಂಡರು. ಕ್ಯಾಪ್ಟನ್ ಅಷ್ಟರಲ್ಲಿ ತನ್ನ ದೇಶಕ್ಕೆ ಮರಳಿ ಎಷ್ಟೋ ಕಾಲವಾಗಿತ್ತು. ಅವನಿಗೂ ಸುದ್ದಿ ತಿಳಿಸಿದೆ. ಆ ಭಾನುವಾರ ಒಂದು ವಿಡಿಯೋ ಬಂತು. ಅವರ ಊರಿನ ಚರ್ಚು, ಮುಂದಿನ ಸಾಲಿನಲ್ಲಿ ಆ ತಾಯಿ, ಹಿಂದೆ ಊರಿಗೆ ಊರೇ. ದೈವಕ್ಕೆ ಹರಕೆ ಹೇಳುತ್ತಿದ್ದ ಮನುಷ್ಯನಿಗೆ ಚರ್ಚಿನಲ್ಲಿ ಪ್ರಾರ್ಥನೆ! ಅಡುಗೆಯವರನ್ನೆಲ್ಲ ಕರೆದು ಮತ್ತೊಮ್ಮೆ ಹಾಕಿದೆ. ಪಾದ್ರಿಯ ಭಾಷೆ ನಮಗೆ ಯಾರಿಗೂ ಒಂದಿಷ್ಟೂ ತಿಳಿಯದು. ನಡುವೆ ಆತ ನಿಲ್ಲಿಸಿದಾಗ ಆ ತಾಯಿ ತಲೆಬಾಗಿಸಿ, ಇಡೀ ಊರಿನ ಜೊತೆ, ಒಂದೇ ದನಿಯಲ್ಲಿ, "ಮ್ಯಾನೇಜರಣ್ಣ" ಎಂದಳು.