ಮೊದಲ ಹಿಡಿ ಮಣ್ಣು

ಸಂಕ್ರಾಂತಿ ಕಳೆದ ವಾರ, ಬಿಸಿಲು ಇನ್ನೂ ಮೈಗೆ ಹತ್ತದ ಹೊತ್ತಿನಲ್ಲಿ, ನಾನು ಪರಿಚಯದ ಕೂಲಿಕಾರ ಯಮನಪ್ಪನ ಊರಿನ ಸ್ಮಶಾನದ ಮೂಡಣ ಅಂಚಿಗೆ ಕಾಲುವೆಯ ಒಡ್ಡಿನ ಮೇಲೆ ನಿಂತಿದ್ದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರು ಬಿಚ್ಚಿಕೊಂಡು ಹೋಗಲು ಸಿಂಧನೂರಿನಿಂದ ಬಂದಿದ್ದೆ; ಅಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ನನಗೂ ಅಲ್ಲಿ ನೆಲ ತೋಡುತ್ತಿದ್ದ ಜೆಸಿಬಿಗೂ ನಡುವೆ ಒಂದು ಜಾಲಿ ಗಿಡವಿತ್ತು. ಬಕೆಟ್ಟು ರಸ್ತೆಗೆ ಹಾಕುವ ಮರಂ ಮಣ್ಣು ಕೆರೆದು ಮೇಲೆದ್ದಾಗ ಮಣ್ಣಿನೊಳಗಿಂದ ಹಸಿರು ಸೀರೆಯ ತುಂಡೊಂದು ಜೋತುಬಿತ್ತು. ಅದರ ಹಿಂದೆಯೇ ಹಸಿರು ಬಳೆಗಳು ಉದುರಿದವು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಡ್ರೈವರ್ ಯಂತ್ರ ನಿಲ್ಲಿಸಿ ಕೆಳಗಿಳಿದದ್ದು, ಚಪ್ಪಲಿ ಬಿಟ್ಟು ದೂರ ಸರಿದು ನಿಂತದ್ದು ನೆನಪಿದೆ.

ಗಂಡ ಇರುವಾಗಲೇ ತೀರಿಕೊಂಡ ಹೆಂಗಸನ್ನು ಆ ಊರಿನಲ್ಲಿ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ ಮಣ್ಣು ಮಾಡುತ್ತಾರೆ. ಹಿಂದಿನ ಮಳೆಗಾಲದಲ್ಲಿ ಹಾಗೆ ಹೋದವಳು ಯಮನಪ್ಪನ ಹೆಂಡತಿ ಹುಲಿಗೆಮ್ಮ. ಎದುರು ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಓಡಿಹೋಗಿ ಅವನನ್ನು ಕರೆತಂದಳು. ಅವನು ಬಕೆಟ್ಟಿನ ಮಣ್ಣನ್ನು ಕೈಯಿಂದಲೇ ಬಗೆದ. ಸಿಕ್ಕಿದ್ದನ್ನು ತನ್ನ ಟವೆಲ್ಲಿನಲ್ಲಿ ಕಟ್ಟಿ ಮತ್ತೆ ಅಲ್ಲೇ ಮುಚ್ಚಿದ. ನಾನೂ ಮಣ್ಣು ಎಳೆದೆ.

ಮರಂ ಮಾರಿದವನು ಸ್ಮಶಾನವಿರುವ ಹೊಲದ ಈಗಿನ ಯಜಮಾನ, ಗೌಡರ ಮನೆಯ ಮೊಮ್ಮಗ. ಮಧ್ಯಾಹ್ನ ಬೈಕಿನ ಮೇಲೆ ಬಂದು, ಇಳಿಯದೆಯೇ ಹೇಳಿದ: "ಇದು ನಮ್ಮ ಪಟ್ಟಾ ಹೊಲ. ಸುಡಗಾಡ ಅಂತ ಸರಕಾರಿ ಕಾಗದ ಇದ್ರ ತೋರಸ್ರಿ, ಬಂದ್ ಮಾಡ್ತೀನಿ. ಇಲ್ಲಾಂದ್ರ ಶಿವರಾತ್ರಿ ಆದ ಮ್ಯಾಲ ಉಳಿದದ್ದೂ ಎತ್ತಸ್ತೀನಿ." ಉಳಿದದ್ದು ಎಂದರೆ ಕೂಲಿಕಾರರ ಓಣಿಯ ಅಜ್ಜ, ಅಪ್ಪ, ಕೂಸುಗಳು. ಹುಲಿಗೆಮ್ಮ ಕೂಡ.

ಮಾಹಿತಿ ಹಕ್ಕಿನ ಅರ್ಜಿಯನ್ನು ನಾನೇ ಬರೆದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಯಮನಪ್ಪನ ಹೆಬ್ಬೆಟ್ಟು ಹಾಕಿಸಿ ಮಸ್ಕಿಯ ತಾಲೂಕು ಕಚೇರಿಗೆ ಕೊಟ್ಟೆವು. ತಿಂಗಳೊಳಗೆ ಉತ್ತರ ಬಂತು. ಮಸ್ಕಿ ತಾಲೂಕು ಆಗುವ ಮೊದಲು ಆ ಊರು ಲಿಂಗಸುಗೂರಿಗೆ ಸೇರಿದ್ದರಿಂದ ಹಳೆಯ ದಾಖಲೆಗಳು ಅಲ್ಲಿವೆ, ಬಂದು ಪರಿಶೀಲಿಸಬಹುದು ಎಂದಿತ್ತು. ಶಿವರಾತ್ರಿ ಹತ್ತಿರವಿತ್ತು. ಅಂಗಡಿಗೆ ಬೀಗ ಹಾಕಿ ಹೊರಟೆ.

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಸಿಕ್ಕ ಬಸ್ಸಿನ ತುಂಬ ಆಧಾರ್ ಕಾರ್ಡು ಹಿಡಿದ ಹೆಂಗಸರೇ ಇದ್ದರು. "ಇವತ್ತ ರೊಕ್ಕ ಕೊಡೋರು ನೀವೊಬ್ರ ಕಾಣ್ತೀರಿ ಸಾವಕಾರ, ಬರ್ರಿ," ಎಂದು ಕಂಡಕ್ಟರ್ ನಕ್ಕ. ಊರು ದಾಟಿದ ಮೇಲೆ ಒಂದಷ್ಟು ದೂರ ಕಾಲುವೆ ನೀರಿನ ಹಸಿರು, ಆಮೇಲೆ ಕೊಯ್ದ ತೊಗರಿಯ ಕೂಳೆ, ಬಂಡೆಗಲ್ಲು. ಯಮನಪ್ಪ ತನ್ನ ಊರಿನ ಕ್ರಾಸಿನಲ್ಲಿ ಹತ್ತಿದ. ತೊಳೆದ ಅಂಗಿ, ಹೆಗಲ ಮೇಲೆ ಇನ್ನೊಂದು ಟವೆಲ್ಲು. ಅದರ ತುದಿಯಲ್ಲಿ ಒಂದು ಗಂಟು.

"ಏನೈತಿ ಅದರಾಗ?"

"ಒಂದ ಬಳಿ ಇಟಗೊಂಡೀನಿ ಖಾಜಣ್ಣ. ಸಾಹೇಬ್ರು ಕೇಳಿದ್ರ ತೋರಸಾಕ."

ನಾನು ಕಿಟಕಿಯ ಕಡೆ ತಿರುಗಿದೆ.

ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಶಿಲಾಶಾಸನವಿರುವ ಗುಡ್ಡಕ್ಕೆ ಆಗಲೇ ಬಿಸಿಲು ಬಿದ್ದಿತ್ತು. ನಾನು ಮಂಡಾಳು, ಮಿರ್ಚಿ ತಿಂದೆ. ಯಮನಪ್ಪ ಚಹಾ ಮಾತ್ರ ಕುಡಿದ. ನನ್ನ ಕೈಯಲ್ಲಿದ್ದ ಕಾಗದ ಕಂಡು ಚಹಾದಂಗಡಿಯವನು ಎಲ್ಲಿಗೆಂದು ಕೇಳಿದ. ಹೇಳಿದೆ. "ಹಳೇ ಕಾಗದಾ ಹುಡುಕಾಕ? ನಮ್ಮೂರಾಗ ಕಲ್ಲಿನ ಮ್ಯಾಲ ಬರಸಿದ್ದೊಂದ ಉಳದೈತ್ರಿ," ಎಂದ. ಯಮನಪ್ಪ ಕಪ್ಪು ಕೆಳಗಿಟ್ಟು, "ನಮಗ ಯಾರು ಬರಸ್ತಾರೋ ಮಾರಾಯಾ," ಎಂದ. ಅಂಗಡಿಯವನು ಅವನ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಲಿಂಗಸುಗೂರಿಗೆ ಅಲ್ಲಿಂದ ಒಂದು ತಾಸಿನೊಳಗಿನ ದಾರಿ. ನಮ್ಮ ಹಿಂದಿನ ಸೀಟಿನಲ್ಲಿ ಹಟ್ಟಿಯ ಗಣಿ ಕೆಲಸಗಾರರಿಬ್ಬರು ತಲೆಗೆ ತಲೆ ತಾಗಿಸಿ ನಿದ್ದೆ ಮಾಡುತ್ತಿದ್ದರು.

ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಮೇಡಂ ಒಬ್ಬರಿದ್ದರು. ನಮ್ಮನ್ನು ಕಾಯಿಸಲಿಲ್ಲ. ಕೆಂಪು ಬಟ್ಟೆಯ ಗಂಟು ಬಿಚ್ಚಿ ಊರಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದರು. ಹಳ್ಳ, ಬಂಡಿ ದಾರಿ, ಬಾವಿ, ಎಲ್ಲ ಇದ್ದವು. ಹೊಲದ ನಂಬರು ಹುಡುಕಿ ಹಳೆಯ ಪಹಣಿಗಳನ್ನು ಒಂದೊಂದಾಗಿ ತಿರುವಿದರು. ಉರ್ದುವಿನಲ್ಲಿದ್ದ ಒಂದೆರಡನ್ನು ನಾನೇ ಓದಿದೆ. ಎಲ್ಲದರಲ್ಲಿಯೂ ಗೌಡರ ಮನೆತನದ ಹೆಸರು ಮಾತ್ರವಿತ್ತು.

"ಇದು ಪೂರಾ ಪಟ್ಟಾ ಜಮೀನ್ರಿ. ಸ್ಮಶಾನ ಅಂತ ಎಲ್ಲೂ ನಮೂದಾಗಿಲ್ಲ," ಎಂದರು ಮೇಡಂ.

ಯಮನಪ್ಪ ಟವೆಲ್ಲಿನ ಗಂಟು ಬಿಚ್ಚಿದ. ಮಣ್ಣು ಮೆತ್ತಿದ ಹಸಿರು ಬಳೆಯನ್ನು ನಕ್ಷೆಯ ಮೇಲೆ, ಆ ನಂಬರಿನ ಮೇಲೆಯೇ ಇಟ್ಟ. ಅವನಿಗೆ ಓದಲು ಬರುವುದಿಲ್ಲ. ಮೇಡಂ ಬೆರಳಿಟ್ಟ ಜಾಗವನ್ನು ನೋಡಿಕೊಂಡಿದ್ದ.

"ಹಂಗಾರ ನನ್ನ ಹೆಂಡ್ತಿ ಎಲ್ಲಿ ಮಲಗ್ಯಾಳ್ರೀ ಅವ್ವಾರ?"

ಮೇಡಂ ನೀರು ತರಿಸಿದರು. ಕೇಳಿದ್ದಕ್ಕೆ ಉತ್ತರ ಬರೆದು ಸಹಿ, ಸಿಕ್ಕೆ ಹಾಕಿದರು: ದಾಖಲೆಗಳಲ್ಲಿ ಇಲ್ಲ. ಆಮೇಲೆ ಪೆನ್ನು ಮುಚ್ಚಿ ಹೇಳಿದರು: "ಕಾಗದಾಗ ಇಲ್ಲಂದ್ರ ನೆಲದಾಗ ಇಲ್ಲ ಅಂತ ಅಲ್ರಿ. ಮಸ್ಕಿ ತಹಶೀಲ್ದಾರರಿಗೆ ಅರ್ಜಿ ಕೊಡ್ರಿ, ಸ್ಥಳಕ್ಕ ಬಂದು ಪಂಚನಾಮೆ ಮಾಡ್ತಾರ. ಜಾಗಾ ಕೊಟ್ಟದ್ದು ಬಲ್ಲವ್ರು, ಕಣ್ಣಾರೆ ಕಂಡವ್ರು ಬೇಕು. ಬದುಕಿರೋರು ಅದಾರೇನು?"

ಮರಳುವ ಬಸ್ಸಿನಲ್ಲಿ ಅದನ್ನೇ ಕೇಳಿದೆ. ಜಾಗ ಕೊಟ್ಟವರು ಯಾರು?

"ಗೌಡರ ಮನಿ ಅಜ್ಜಿ ಅದಾರಲ್ಲ, ಗೌಡಶಾನೇರು, ಅವ್ರ ಮಾವ. ಬಾಯಿಮಾತು. ನಮ್ಮ ಮುತ್ಯಾನ ಕಾಲದ್ದು."

"ಅದಕ್ಕೇನು ಗುರುತು?"

"ಗುರುತಂದ್ರ... ನಮ್ಮ ಓಣ್ಯಾಗ ಯಾರ ಸತ್ರೂ ಮೊದಲನೇ ಹಿಡಿ ಮಣ್ಣ ಗೌಡರ ಮನಿಯವ್ರ ಹಾಕಬೇಕು. 'ನಮ್ಮ ಮಣ್ಣ, ಇನ್ನ ಮ್ಯಾಲ ನಿಂದು' ಅಂತ ಹಾಕ್ತಾರ. ಆಮ್ಯಾಲ ನಾವು. ಹುಲಿಗಿಗೂ ಗೌಡಶಾನೇರ ಬಂದು ಹಾಕ್ಯಾರ."

ನಮ್ಮಲ್ಲಿಯೂ ತೀರಿಕೊಂಡವರ ಮಯ್ಯತ್ತಿಗೆ ಮೂರು ಹಿಡಿ ಮಣ್ಣು ಕೊಡುತ್ತೇವೆ. ನನ್ನ ಅಪ್ಪನಿಗೆ ಕೊಟ್ಟ ಕೈ ಇದು. "ಇದನ್ನ ಮೊದಲ ಯಾಕ ಹೇಳಲಿಲ್ಲ ಯಮನಪ್ಪಾ?"

"ನೀವು ಕಾಗದಾ ಕೇಳಿದ್ರಿ. ಅದೇನ ಕಾಗದೇನು?"

ಸಿಂಧನೂರಿಗೆ ಹೋಗದೆ ಅವನ ಜೊತೆ ಕ್ರಾಸಿನಲ್ಲೇ ಇಳಿದೆ. ಟಂಟಂ ಆಟೋ ಹಿಡಿದು ಊರು ಸೇರಿದಾಗ ದನ ಮನೆಗೆ ಬರುತ್ತಿದ್ದವು. ಗೌಡಶಾನಿ ಬಸಲಿಂಗಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮೊಮ್ಮಗ ಬಾಗಿಲಲ್ಲಿ ಫೋನಿನಲ್ಲಿದ್ದ. ಯಮನಪ್ಪ ಅಂಗಳದಲ್ಲೇ ನಿಂತ. ನಾನು ಸಿಕ್ಕೆ ಬಿದ್ದ ಕಾಗದವನ್ನು ಓದಿ ಹೇಳಿದೆ.

"ಮುಗೀತಲ್ಲ ಮತ್ತ," ಎಂದ ಮೊಮ್ಮಗ, ಫೋನು ಕಿಸೆಗೆ ಹಾಕಿ.

ಆಗ ಯಮನಪ್ಪ ಕೇಳಿದ: "ಗೌಡಶಾನೇರ, ಹುಲಿಗಿಗೆ ಮಣ್ಣ ಹಾಕಿದ್ದು ನೆನಪೈತೇನ್ರಿ?"

ಶೇಂಗಾದ ಸಿಪ್ಪೆ ಅವರ ಕೈಯಲ್ಲೇ ಉಳಿಯಿತು. "ನೆನಪಿಲ್ಲದ ಏನು? ಮಳಿ ಹತ್ತಿತ್ತು. ಮಣ್ಣು ಕೈಗೇ ಅಂಟಕೊಂಡಿತ್ತು." ಆಮೇಲೆ ಕೇಳಿದರು, "ಯಾಕ? ಅಕೀನ ಏನ ಮಾಡ್ಯಾರ?"

ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕಂಡದ್ದನ್ನು ಕಂಡಷ್ಟೇ ಹೇಳಿದೆ. ಯಮನಪ್ಪ ಬಳೆ ತೋರಿಸಿದ.

"ಅಜ್ಜೀ, ನಿನಗ ತಿಳಿಯಂಗಿಲ್ಲ, ಒಳಗ ನಡಿ," ಎಂದ ಮೊಮ್ಮಗ.

"ನೀ ಸುಮ್ಮಿರಲೇ. ಕೊಟ್ಟಾವ ನಮ್ಮ ಮಾವ. ಹಾಕಿದಾಕಿ ನಾನು. ಕೊಟ್ಟ ಮಣ್ಣ ಮಾರಕೊಂಡ ತಿಂತೀಯೇನು?" ಬಲಗೈಯನ್ನು ನನ್ನ ಮುಂದೆ ಚಾಚಿದರು. "ಬರಕೋ ಸಾಬಾ, ನನ್ನ ಹೆಸರ. ಜೀವಂತ ಅದಾಳ ಅಂತನೂ ಬರಿ. ಇಲ್ಲಾಂದ್ರ ಪಂಚನಾಮೆ ದಿನ ಇಂವ ಸತ್ತಾಳ ಅಂತ ಹೇಳಿಗೀಳ್ಯಾನು."

ಮೊಮ್ಮಗ ಬೈಕು ಹತ್ತಿ ಹೋದ. ಕಡೆಯ ಟಂಟಮ್ಮಿನಲ್ಲಿ ಕುಳಿತು ತಿರುಗಿ ನೋಡಿದಾಗ ಒಡ್ಡಿನಾಚೆ ಜಾಲಿ ಗಿಡದ ತುದಿಯಷ್ಟೇ ಕಾಣುತ್ತಿತ್ತು.

ಅರ್ಜಿ ಮಸ್ಕಿಗೆ ಮುಟ್ಟಿದೆ. ಪಂಚನಾಮೆ ಇನ್ನೂ ಆಗಬೇಕು. ಅದಕ್ಕೆ ಕೊಟ್ಟ ಹೆಸರುಗಳನ್ನೇ ಇಲ್ಲಿಯೂ ಬರೆಯುತ್ತೇನೆ. ಆ ಬೆಳಿಗ್ಗೆ ಕಂಡವರು: ಎದುರು ಗದ್ದೆಯಲ್ಲಿದ್ದ ದುರುಗಮ್ಮ, ಹನುಮಕ್ಕ, ಓಡಿಹೋಗಿ ಕರೆತಂದ ನಾಗಮ್ಮ, ಚಪ್ಪಲಿ ಬಿಟ್ಟು ನಿಂತ ಡ್ರೈವರ್ ರಮೇಶ, ಮಣ್ಣು ಬಗೆದ ಯಮನಪ್ಪ, ನಾನು, ಖಾಜಾಹುಸೇನ್. ಮೊದಲ ಹಿಡಿ ಹಾಕಿದವರು ಬಸಲಿಂಗಮ್ಮ. ಎಲ್ಲರೂ ಬದುಕಿದ್ದಾರೆ.