ಅಟ್ಟ ಉಂಟಂತೆ

ಮೊನ್ನೆ ಕಾಸರಗೋಡಿನ ಬಸ್‌ಸ್ಟ್ಯಾಂಡ್ ಹತ್ತಿರ ಕೊಡೆ ಕೊಳ್ಳಲು ಒಂದು ಅಂಗಡಿಗೆ ಹೋಗಿದ್ದೆ. ಕೊಡೆಗಳ ನಡುವೆ ಮಂಡಿಯುದ್ದದ ದಪ್ಪ ಬಟ್ಟೆಯ ಕಾಲುಚೀಲಗಳು ನೇತಾಡುತ್ತಿದ್ದವು. ಮೇಲ್ಗಡೆ ಬಿಗಿದು ಕಟ್ಟಲು ಲಾಡಿ ಬೇರೆ. ಕಂಡದ್ದನ್ನೆಲ್ಲ ಕೇಳುವ ಬಾಯಿ ನನ್ನದು, ಕೇಳದೆ ಬಂದರೆ ತಿಂದದ್ದು ಜೀರ್ಣವಾಗುವುದಿಲ್ಲ. "ಇದೆಂತ?" ಎಂದೆ. "ಅಟ್ಟ ಸಾಕ್ಸ್, ಟೀಚರೇ. ಕಾಡಿಗೆ ಹೋಗುವವರು ಹಾಕುದು," ಎಂದ ಅಂಗಡಿಯವ. ನನಗೆ ನಗು ಉಕ್ಕಿ ಬಂತು. ತಡೆಯಲು ನೋಡಿದಷ್ಟೂ ಜಾಸ್ತಿಯಾಯಿತು. ಅವನು ಪಾಪ, ತಾನು ಹೇಳಿದ್ದರಲ್ಲಿ ಏನು ತಪ್ಪು ಎಂದು ತಿಳಿಯದೆ ಕಾಲುಚೀಲವನ್ನೇ ತಿರುಗಿಸಿ ಮುರುಗಿಸಿ ನೋಡಿದ. ನಾನು ಕೊಡೆ ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ನೀವು ಘಟ್ಟದ ಮೇಲಿನವರಾದರೆ ನಿಮಗೆ ಇದರಲ್ಲಿ ನಗುವಂಥದ್ದೇನು ಎಂದು ಅನಿಸಬಹುದು. ಕನ್ನಡದಲ್ಲಿ ಅಟ್ಟ ಎಂದರೆ ಮನೆಯ ಮಾಡಿನ ಕೆಳಗೆ ಹಳೆ ಪಾತ್ರೆ, ಹರಿದ ಚಾಪೆ ಇಡುವ ಜಾಗ. ನಮ್ಮ ಕಡೆ ಹಂದಿ, ಆನೆ ಕಾಯಲು ಮರದ ಮೇಲೆ ಹಲಗೆ ಹಾಸಿ ಕಟ್ಟುವುದಕ್ಕೂ ಅಟ್ಟವೆಂದೇ ಹೇಳುತ್ತೇವೆ. ಮಲಯಾಳದಲ್ಲಿ ಅಟ್ಟ ಎಂದರೆ ಜಿಗಣೆ. ಅಕ್ಷರ ಒಂದೇ, ಉಚ್ಚಾರವೂ ಒಂದೇ. ನಮ್ಮ ಮನೆಯವರು ಈ ವ್ಯತ್ಯಾಸವನ್ನು ರಕ್ತ ಕೊಟ್ಟು ಕಲಿತರು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ನಮ್ಮ ಮನೆ ಅದೇ ಕಾಸರಗೋಡು ಜಿಲ್ಲೆಯ ಬಾಯಾರಿನಲ್ಲಿ. ಅಪ್ಪ ಶಾಲೆಯಲ್ಲಿ ಕನ್ನಡ ಮಾಷ್ಟ್ರು. ಚಂದ್ರಗಿರಿ ಹೊಳೆಯಿಂದ ಈಚೆ ಕನ್ನಡ, ಆಚೆ ಮಲಯಾಳ ಎಂದು ಅವರು ಸೇತುವೆ ದಾಟುವಾಗಲೆಲ್ಲ ಹೇಳುತ್ತಿದ್ದರು, ಬಸ್ಸಿನಲ್ಲಿ ಎಷ್ಟು ಜನ ಮಲಯಾಳಿಗಳಿದ್ದರೂ ಸರಿ. ಮನೆಯಲ್ಲಿ ಮಲಯಾಳ ಚಾನೆಲ್ ಹಾಕುವಂತಿರಲಿಲ್ಲ. ಹಾಗಂತ ತನಗೆ ಮಲಯಾಳ ಬರುವುದಿಲ್ಲ ಎಂದು ಮಾತ್ರ ಅಪ್ಪ ಸತ್ತರೂ ಒಪ್ಪುತ್ತಿರಲಿಲ್ಲ. ಅವರ ಮಲಯಾಳವೆಲ್ಲ ಇಲಾಖೆಯ ಸುತ್ತೋಲೆಗಳಿಂದ ಬಂದದ್ದು. ಮಲಯಾಳದಲ್ಲಿ ಅರ್ಜಿಗೆ ಅಪೇಕ್ಷೆ ಎನ್ನುತ್ತಾರೆ. "ನೋಡು, ಸರಕಾರಕ್ಕೆ ನಮ್ಮ ಅಪೇಕ್ಷೆ ಬೇಕಂತೆ, ಅರ್ಜಿ ಬೇಡವಂತೆ, ಎಂಥ ದೊಡ್ಡ ಮನಸ್ಸು!" ಎಂದು ತಮಾಷೆ ಮಾಡುತ್ತಿದ್ದರು. ಸಹಿ, ತಾರೀಕು, ನಿವೃತ್ತಿ ಇವೆಲ್ಲ ಅವರಿಗೆ ಮಲಯಾಳದಲ್ಲಿ ಗೊತ್ತಿತ್ತು. ಕಾಡು, ಹಕ್ಕಿ, ಹುಳಗಳ ಬಗ್ಗೆ ಇಲಾಖೆ ಯಾವ ಸುತ್ತೋಲೆಯನ್ನೂ ಹೊರಡಿಸಿರಲಿಲ್ಲ.

ಆ ವರ್ಷ ಓಣಂ ರಜೆಗೆ ಮುಂಚೆ ಅಪ್ಪ ಪೇಪರಿನಲ್ಲಿ ಒಂದು ಜಾಹೀರಾತು ಓದಿದರು. ಜಿಲ್ಲೆಯ ಮೂಡು ತುದಿಯಲ್ಲಿ, ಪಾಣತ್ತೂರಿನ ಕಡೆಯ ಗುಡ್ಡಗಳಲ್ಲಿ, ಕುಟುಂಬ ಸಮೇತ ಮೂರು ದಿವಸದ ನಡಿಗೆ. ದಾರಿ ತೋರಿಸಲು ಊರಿನವರೇ ಜೊತೆಗಿರುತ್ತಾರೆ, ದಿನಕ್ಕೊಂದು ಜಲಪಾತ. ನಾನು ಆಗ ಬಿ.ಎಡ್. ಓದುತ್ತಿದ್ದೆ, ತಮ್ಮ ಹರಿ ಕಾಲೇಜಿನಲ್ಲಿದ್ದ. ನಾವಿಬ್ಬರೂ ಕುಣಿದೆವು. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದವಳು ತಲೆಯೆತ್ತಿ, "ಈ ಸಲ ನನಗೂ ನೀರು ಬೀಳುದನ್ನು ಹತ್ತಿರದಿಂದ ನೋಡ್ಬೇಕು," ಎಂದಳು.

ಇದರಲ್ಲಿ ಅಂಥದ್ದೇನು ಎನ್ನಬೇಡಿ. ಅಮ್ಮ ಹೀಗೆ ಏನನ್ನಾದರೂ ಬೇಕು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅವಳ ಎಡಗಾಲಿನ ನರಗಳು ಗಂಟುಕಟ್ಟಿ, ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ಹಾಗಾಗಿ ನಾವು ಎಲ್ಲಿಗೆ ಹೋದರೂ ಅವಳದ್ದು ಬ್ಯಾಗು ಕಾಯುವ ಕೆಲಸ. ಬೇಕಲ ಕೋಟೆಗೆ ಹೋದಾಗ ಟಿಕೆಟ್ ಕೊಡುವಲ್ಲಿಯ ಕಟ್ಟೆಯ ಮೇಲೆ ಕೂತಿದ್ದಳು. ಮೈಸೂರಿನ ಮೃಗಾಲಯಕ್ಕೆ ಹೋದಾಗ ಹೊರಗಿನ ಬೆಂಚಿನಲ್ಲಿ. ನಾವು ಹುಲಿ ನೋಡಿ ಬರುವಷ್ಟರಲ್ಲಿ ಅವಳು ಮನುಷ್ಯರನ್ನು ನೋಡಿ ಮುಗಿಸಿರುತ್ತಿದ್ದಳು. ಯಾರ ಮಗು ಕಳೆದುಹೋಗಿ ಸಿಕ್ಕಿತು, ಯಾವ ಗಂಡಹೆಂಡಿರು ಮಾತುಬಿಟ್ಟು ಬೇರೆ ಬೇರೆ ಆಟೋ ಹತ್ತಿದರು ಎಂದು ಬಸ್ಸಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಅದನ್ನು ಕೇಳಿ ನಾವು ನಗುತ್ತಿದ್ದೆವು. ಅವಳಿಗೆ ಬೇಸರವಿಲ್ಲ ಎಂದು ನಮ್ಮಷ್ಟಕ್ಕೆ ನಾವೇ ತೀರ್ಮಾನ ಮಾಡಿಕೊಂಡಿದ್ದೆವು.

ಗುಡ್ಡದ ಬುಡದ ಒಂದು ಮನೆಯಲ್ಲಿ ನಮಗೆ ಉಳಿಯುವ ವ್ಯವಸ್ಥೆ. ದಾರಿ ತೋರಿಸುವವರು ಕುಂಞಂಬಣ್ಣ. ಅರವತ್ತು ದಾಟಿದ ಆಸಾಮಿ, ಬರಿಗಾಲು, ಎತ್ತಿ ಕಟ್ಟಿದ ಲುಂಗಿ, ಸೊಂಟದಲ್ಲೊಂದು ಕತ್ತಿ. ಕನ್ನಡದ ಒಂದಕ್ಷರ ಬಾರದು. ಮೊದಲ ದಿವಸ ಏರು ಜೋರಾಗಿದೆ ಎಂದು ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋದೆವು. ಎರಡನೆಯ ದಿವಸ ಮೋಡ ಕವಿದಿದೆ ಎಂದು ಬಿಟ್ಟು ಹೋದೆವು. ಎರಡೂ ಕಾಡಿಲ್ಲದ ಬಂಡೆಗಲ್ಲಿನ ದಾರಿಗಳು. ಮೂರನೆಯ ದಿವಸ ಕಾಡಿನೊಳಗಿನ ಕೊನೆಯ ಜಲಪಾತ, ಎಲ್ಲಕ್ಕಿಂತ ದೊಡ್ಡದು. ಮಧ್ಯಾಹ್ನದ ಬಸ್ಸಿಗೆ ನಾವು ಊರಿಗೆ ಹೊರಡಬೇಕು. ಅಂದು ನೋಡದಿದ್ದರೆ ಅಮ್ಮ ನೋಡುವಂತಿಲ್ಲ.

ಬೆಳಗ್ಗೆ ಅಮ್ಮ ಎಲ್ಲರಿಗಿಂತ ಮೊದಲು ಎದ್ದು ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಗೇಟಿನ ಬಳಿ ನಿಂತಿದ್ದಳು. ನಾನು ಮನೆಯೊಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನೆರಳಿನಲ್ಲಿಟ್ಟೆ. ಪಕ್ಕದಲ್ಲಿ ಎರಡು ಬ್ಯಾಗುಗಳನ್ನೂ ಇಟ್ಟೆ. ಹೇಳಬೇಕಾದ್ದನ್ನು ಕುರ್ಚಿಯೇ ಹೇಳುತ್ತಿತ್ತು. ಅಮ್ಮ ಅದನ್ನು ನೋಡಿದಳು, ಕೂರಲಿಲ್ಲ.

ಅಷ್ಟರಲ್ಲಿ ಕುಂಞಂಬಣ್ಣ ಅಮ್ಮನನ್ನೊಮ್ಮೆ ನೋಡಿ ಅಪ್ಪನಿಗೆ ಹೇಳಿದರು, "ಮೇಲೆ ಅಟ್ಟ ಉಂಡ್ ಮಾಷೇ. ಕೊರೇ ಉಂಡ್. ಉಪ್ಪ್ ಎಡುತ್ತಿನಾ?"

ನೀವೇ ಹೇಳಿ, ಇದರಲ್ಲಿ ಅರ್ಥವಾಗದ್ದು ಏನುಂಟು? ಮೇಲೆ ನಮ್ಮದೇ, ಉಂಡ್ ನಮ್ಮದೇ, ಉಪ್ಪು ನಮ್ಮದೇ. ನಡುವಿನ ಅಟ್ಟ ಒಂದು ಪರಕೀಯ ಎಂದು ಯಾರಿಗೆ ಹೊಳೆಯಬೇಕು! ಅಪ್ಪನ ಮುಖ ಅರಳಿತು. "ಮೇಲೆ ಅಟ್ಟ ಉಂಟಂತೆ," ಎಂದು ನಮಗೆ ವಿವರಿಸಿದರು. "ಒಂದೆರಡಲ್ಲ, ಬೇಕಾದಷ್ಟು ಉಂಟಂತೆ. ಆನೆ ಕಾಯ್ಲಿಕ್ಕೆ ಕಟ್ಟಿದ್ದಾಗಿರ್ಬೇಕು. ಉಪ್ಪು ತಕ್ಕೊಂಡ್ರಾ ಅಂತ ಕೇಳ್ತಾರೆ."

"ಮತ್ತೆ ಉಪ್ಪು ಎಂತಕ್ಕೆ?" ಎಂದ ಹರಿ.

"ಪೇರಳೆಹಣ್ಣು ಸಿಗ್ತದೆ ದಾರಿಯಲ್ಲಿ. ಅಟ್ಟದಲ್ಲಿ ಕೂತು ಉಪ್ಪು ಹಾಕಿ ತಿನ್ಲಿಕ್ಕೆ. ಅಷ್ಟೂ ಗೊತ್ತಾಗುದಿಲ್ವಾ?"

ಅಮ್ಮ ಒಂದು ಕ್ಷಣ ಅಪ್ಪನನ್ನೇ ನೋಡಿದಳು. ಆಮೇಲೆ ಬಹಳ ನಿಧಾನವಾಗಿ, "ಅಟ್ಟ ಉಂಟಾದ್ರೆ ನಾನೂ ಬರ್ಬಹುದಲ್ಲ. ಸುಸ್ತಾದ್ರೆ ಅಲ್ಲಿ ಕೂತ್ಕೊಳ್ತೇನೆ, ನೀವು ಹೋಗಿ ಬನ್ನಿ," ಎಂದಳು. ಅಟ್ಟ ಉಂಟೆಂದು ಹೇಳಿದವರು ಅಪ್ಪನೇ. "ಆಯ್ತು, ಬಾ," ಎಂದರು. ಅಮ್ಮ ಸರಸರನೆ ಒಳಗೆ ಹೋಗಿ ಮನೆಯವರಿಂದ ಎರಡು ಹಿಡಿ ಉಪ್ಪು ಕೇಳಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಳು. ಕಾಯಲು ಅವಳಿಲ್ಲವೆಂದು ಬ್ಯಾಗುಗಳೂ ನಮ್ಮ ಜೊತೆ ಹೊರಟವು.

ಕಾಡು ಶುರುವಾದ ಮೇಲೆ ನಾವೆಲ್ಲ ಅಟ್ಟ ಹುಡುಕುತ್ತ ಮರಗಳ ಕಡೆಗೆ ಕತ್ತು ಚಾಚಿ ನಡೆದೆವು. ಹರಿ ಎರಡು ಸಲ ಬೇರಿಗೆ ಎಡವಿದ. ಒಂದು ದೊಡ್ಡ ಮರದಲ್ಲಿ ಕೊಂಬೆಗಳ ನಡುವೆ ಏನೋ ಕಪ್ಪಗೆ ಕಂಡಿತು. "ಅಗೋ, ಅಟ್ಟ!" ಎಂದು ಅಪ್ಪ ಬೆರಳು ತೋರಿಸಿದರು. ಅದು ಜೇನುಗೂಡಾಗಿತ್ತು. ನಾವು ಮೇಲೆ ನೋಡುತ್ತಲೇ ಇದ್ದೆವು, ಅಟ್ಟ ಕೆಳಗಿನಿಂದ ಬಂತು.

ಮೊದಲು ಕಿರುಚಿದವನು ಹರಿ. ಬೂಟು ಬಿಚ್ಚಿದರೆ ಬಿಳಿ ಸಾಕ್ಸ್ ಕೆಂಪಾಗಿದೆ. ಒಳಗೆ ನಾಲ್ಕು, ಹೊರಗೆ ಮೂರು. ನಾನು ನನ್ನ ಚೂಡಿದಾರ್ ಎತ್ತಿ ನೋಡಿದೆ, ಲೆಕ್ಕ ಮಾಡುವ ಧೈರ್ಯವಾಗಲಿಲ್ಲ. ನಿಂತಲ್ಲೇ ಕುಣಿಯತೊಡಗಿದೆ. ಅಪ್ಪ ಪಂಚೆಯನ್ನು ಎಲ್ಲಿಯವರೆಗೆ ಎತ್ತಿದರು ಎಂಬುದನ್ನು ಮಗಳಾಗಿ ನಾನು ಬರೆಯಬಾರದು. "ಅಯ್ಯಯ್ಯೋ! ಮಾರಾಯ್ರೇ, ಇದೆಂತ ಜಿಗಣೆ! ಮೊದ್ಲೇ ಹೇಳ್ಬಾರ್ದಾ?" ಎಂದು ಕುಂಞಂಬಣ್ಣನ ಮೇಲೆ ಹರಿಹಾಯ್ದರು.

ಕುಂಞಂಬಣ್ಣ ನಮ್ಮ ಕುಣಿತವನ್ನು ಆಶ್ಚರ್ಯದಿಂದ ನೋಡುತ್ತ, "ಞಾನ್ ಪರಞ್ಞಿಲ್ಲೇ ಮಾಷೇ, ಅಟ್ಟ ಉಂಡೂಂದ್," ಎಂದರು. ನಾನು ಹೇಳಲಿಲ್ಲವಾ ಎಂದು ಕೇಳುತ್ತಿದ್ದಾರೆ ಎಂಬುದು ಅಪ್ಪನಿಗೂ ಅರ್ಥವಾಯಿತು. ಅವರ ಮುಖದಲ್ಲಿ ಒಂದು ಅಟ್ಟ ಕುಸಿದು ಬಿದ್ದದ್ದು ನಾನು ಕಣ್ಣಾರೆ ಕಂಡೆ.

ಈಗ ಬಂತು ತಕರಾರು. ತಿರುಗಿ ಹೋಗುವುದೋ, ಮುಂದೆ ಹೋಗುವುದೋ? ನೀರಿನ ಸದ್ದು ಕೇಳಿಸುತ್ತಿತ್ತು. ಬಾಯಿ ಹಾಕಿದವಳು ನಾನೇ. "ಇಲ್ಲೊಂದು ಬಂಡೆ ಉಂಟು. ಅಮ್ಮ ಇದ್ರ ಮೇಲೆ ಕೂತಿರ್ಲಿ. ಬ್ಯಾಗೂ ಇಲ್ಲೇ ಇರ್ಲಿ. ನಾವು ಓಡಿ ಹೋಗಿ ನೋಡಿ ಬರುವ." ಅಪ್ಪನೂ ಹರಿಯೂ ತಲೆಯಾಡಿಸಿದರು. ಅಷ್ಟು ಜಿಗಣೆಗಳ ನಡುವೆ ಒಬ್ಬಳನ್ನೇ ಕೂರಿಸಿ ಹೋಗುವ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೋ! ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಮ್ಮ ಬಗ್ಗಿ ತನ್ನ ಎಡಗಾಲನ್ನು ನೋಡಿಕೊಂಡಳು. ಅಲ್ಲಿ ಐದಾರು ಕಚ್ಚಿಕೊಂಡಿದ್ದವು. ಸೆರಗಿನ ಗಂಟು ಬಿಚ್ಚಿ ಒಂದೊಂದರ ಮೇಲೂ ಚಿಟಿಕೆ ಉಪ್ಪು ಹಾಕಿದಳು, ಸಾರಿಗೆ ಹಾಕುವಷ್ಟೇ ನಿರಾಳವಾಗಿ. ಅವು ಮುದುಡಿ ಉದುರಿದವು. ಆಮೇಲೆ ಹರಿಯ ಕಾಲು, ನನ್ನ ಕಾಲು, ಕೊನೆಗೆ ಅಪ್ಪನ ಕಾಲು. ಕುಂಞಂಬಣ್ಣ, "ಚೇಚ್ಚೀ, ಪೇಡಿ ಉಂಡಾ?" ಎಂದು ಕೇಳಿದರು. ಅಕ್ಕಾ, ಹೆದರಿಕೆ ಉಂಟಾ ಎಂದು.

"ಪೇಡಿಯೊನ್ನುಂ ಇಲ್ಲ," ಎಂದಳು ಅಮ್ಮ. "ಇನಿ ಎತ್ರ ದೂರಂ ಉಂಡ್ ಏಟ್ಟಾ?"

ಹೆದರಿಕೆ ಏನೂ ಇಲ್ಲ, ಇನ್ನೆಷ್ಟು ದೂರ ಉಂಟು ಅಣ್ಣ? ಇಷ್ಟೇ ಮಾತು. ಆದರೆ ಅದು ಸುತ್ತೋಲೆಯ ಮಲಯಾಳವಾಗಿರಲಿಲ್ಲ. ಅಮ್ಮ ಕುಂಞಂಬಣ್ಣನ ಹಿಂದೆ ಹೊರಟೇಬಿಟ್ಟಳು. ಹಿಂದೆ ಬ್ಯಾಗು ಹೊತ್ತುಕೊಂಡು ನಾವು. ಇಬ್ಬರೂ ಮಾತಾಡಿಕೊಂಡು ಹೋಗುತ್ತಿದ್ದರು. ಅಮ್ಮ ಏನೋ ಕೇಳುತ್ತಿದ್ದಳು, ಅವರು ಕತ್ತಿಯಿಂದ ಗಿಡ ತೋರಿಸಿ ಉತ್ತರ ಹೇಳುತ್ತಿದ್ದರು. ಕೇಳುವ ಚಾಳಿ ನನಗೆ ಎಲ್ಲಿಂದ ಬಂತು ಎಂದು ಅಂದು ತಿಳಿಯಿತು.

ಜಲಪಾತ ದೊಡ್ಡದೇ ಇತ್ತು. ಮೇಲಿನಿಂದ ಎರಡು ಮಜಲಾಗಿ ಬಿದ್ದು ಕೆಳಗೆ ಹೊಗೆಯಂತೆ ಹರಡುತ್ತಿತ್ತು. ಅಮ್ಮ ಹತ್ತಿರ ಹೋದಳು, ಇನ್ನೂ ಹತ್ತಿರ ಹೋದಳು, ಮುಖವೆಲ್ಲ ಒದ್ದೆಯಾಗುವಷ್ಟು ಹತ್ತಿರ. ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿ ಒಡೆಯುತ್ತದೆ, ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಮೇಲಿನಿಂದ ಕೆಳಗಿನವರೆಗೆ ನಾಲ್ಕಾರು ಸಲ ನೋಡಿದಳು. ಕುಂಞಂಬಣ್ಣನಲ್ಲಿ ಏನೋ ಕೇಳಿ, ನಮ್ಮ ಕಡೆ ತಿರುಗಿ, "ಇದೆಲ್ಲ ಚಂದ್ರಗಿರಿಗೆ ಸೇರುದಂತೆ! ನಾನು ಪ್ರತಿ ಮಂಗಳವಾರ ಬಸ್ಸಲ್ಲಿ ದಾಟ್ತಿದ್ದ ನೀರು ಇದೇ ಅಂತೆ!" ಎಂದು ನೀರಿನ ಸದ್ದಿಗೂ ಮಿಗಿಲಾಗಿ ಕೂಗಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಂಗಳವಾರದ ವಿಷಯ ಹೇಳಬೇಕು. ಅದಕ್ಕಿಂತ ಮೊದಲು ಎರಡು ವರ್ಷ ಅಮ್ಮ ಕಾಲಿನ ಮದ್ದಿಗೆಂದು ಹೊಳೆಯಾಚೆ ಒಬ್ಬ ವೈದ್ಯರಲ್ಲಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಎಣ್ಣೆ ತಿಕ್ಕುತ್ತಾರೆ ಎಂದು ನಾವು ತಿಳಿದಿದ್ದೆವು. ಅಲ್ಲಿಯ ಬೆಂಚಿನಲ್ಲಿ ಸರದಿ ಕಾಯುತ್ತ, ಅಕ್ಕಪಕ್ಕದ ಹೆಂಗಸರ ಜೊತೆ ಮಾತಾಡುತ್ತ ಅವಳು ಮಲಯಾಳ ಕಲಿತಿದ್ದಳು. ಕಾಲು ಪೂರ್ತಿ ಗುಣವಾಗಲಿಲ್ಲ, ಭಾಷೆ ಪೂರ್ತಿ ಬಂತು. ಅಂದು ಬಸ್ಸಿನಲ್ಲಿ ಇಷ್ಟು ತಿಳಿಯಿತು. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಸೇತುವೆ ದಾಟುವಾಗ ಆ ದಿವಸ ಏನನ್ನೂ ಹೇಳಲಿಲ್ಲ.

ಮೊನ್ನೆ ಅಂಗಡಿಯಿಂದ ಬಂದ ಮೇಲೆ ನನಗೆ ಒಂದು ಸಂಶಯ ಹುಟ್ಟಿತು. ಇಷ್ಟು ವರ್ಷ ಯಾಕೆ ಹುಟ್ಟಲಿಲ್ಲವೋ ದೇವರೇ ಬಲ್ಲ. ಭಾನುವಾರ ಬಾಯಾರಿಗೆ ಹೋದೆ. ಅಮ್ಮ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದಳು.

"ಅಮ್ಮಾ, ಆ ದಿವಸ ಗೇಟಿನ ಹತ್ರ ಅವರು ಹೇಳುವಾಗ್ಲೇ ನಿನಗೆ ಅಟ್ಟ ಅಂದ್ರೆ ಎಂತ ಅಂತ ಗೊತ್ತಿತ್ತಾ?"

"ಗೊತ್ತಿಲ್ದೆ ಎಂತ? ಆ ವೈದ್ಯರು ನನ್ನ ಕಾಲಿಗೆ ಬಿಡ್ತಿದ್ದದ್ದು ಅದನ್ನೇ ಅಲ್ವಾ. ಕೆಟ್ಟ ರಕ್ತ ಹೀರ್ಲಿಕ್ಕೆ."

"ಎಣ್ಣೆ ತಿಕ್ಕುದಲ್ವಾ?"

"ಎಣ್ಣೆ ಅಂತ ನೀವೇ ಹೇಳಿದ್ದು. ನನ್ನ ಹತ್ರ ಯಾರು ಕೇಳಿದ್ರು?"

ಎರಡು ವರ್ಷ, ಪ್ರತಿ ಮಂಗಳವಾರ, ಅವಳು ಒಬ್ಬಳೇ ಹೋಗಿ ಜಿಗಣೆಗಳಿಗೆ ಕಾಲು ಕೊಟ್ಟು, ಒಬ್ಬಳೇ ಬಸ್ಸು ಹಿಡಿದು ಬಂದು, ನಮಗೆ ಸಂಜೆಯ ಚಾ ಮಾಡಿ ಕೊಟ್ಟಿದ್ದಳು. ಅಂಗಡಿಯಲ್ಲಿ ನೇತಾಡುವ ಕಾಲುಚೀಲವನ್ನೂ ಬಿಡದೆ ಕೇಳುವ ನಾನು ಇದನ್ನು ಕೇಳಿರಲಿಲ್ಲ.

"ಮತ್ತೆ ಅಪ್ಪನಿಗೆ ಯಾಕೆ ಹೇಳ್ಲಿಲ್ಲ, ಅದು ಜಿಗಣೆ ಅಂತ?"

"ಹೇಳಿದ್ರೆ ನೀವು ನನ್ನನ್ನು ಕರ್ಕೊಂಡು ಹೋಗ್ತಿದ್ರಾ?"

ಇಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ಬಸಳೆಯ ದಂಟು ಮುರಿಯುತ್ತಿದ್ದಳು. ನಾನು ಕೇಳಿದೆ, "ಅಮ್ಮಾ, ನಡೆಯುವಾಗ ಆ ಕಾಲು ತುಂಬ ನೋವ್ತದಾ?"

"ನಡೆದ್ರೆ ಎಂತದೂ ಇಲ್ಲ ಮಾರಾಯ್ತಿ," ಎಂದಳು ಅಮ್ಮ. "ಒಂದೇ ಕಡೆ ಕೂತ್ರೆ ನೋವುದು. ಮೊದ್ಲಿಂದ್ಲೂ ಹಾಗೇ."

ನನಗೆ ಅಳು ಬಂತು. ಬಸಳೆಯ ತಟ್ಟೆಯನ್ನು ಅವಳ ಮಡಿಲಿನಿಂದ ತೆಗೆದು ಕೆಳಗಿಟ್ಟೆ. "ಏಳಮ್ಮ, ಸ್ವಲ್ಪ ನಡೆದು ಬರುವ," ಎಂದೆ.

"ಎಲ್ಲಿಗೆ?"

"ನೀನು ಹೇಳಿದಲ್ಲಿಗೆ."

ಅವಳು ನನ್ನ ಮುಖ ನೋಡಿದಳು. ನಾನು ಕಣ್ಣೊರೆಸಿಕೊಂಡು ಚಪ್ಪಲಿ ಹುಡುಕುವಷ್ಟರಲ್ಲಿ ಅಮ್ಮ ಮೆಟ್ಟಿಲಿಳಿದು ಗುಡ್ಡದ ದಾರಿ ಹಿಡಿದಿದ್ದಳು.